ಊರೂರು ತಿರುಗುವ ನಾಟಕಕ್ಕೆ ಇಂಟೆನ್ಸಿಟಿ ಪ್ಯಾಲೆಟ್: ನನ್ನ ಅನುಭವ

ಇಂಟೆನ್ಸಿಟಿ ಪ್ಯಾಲೆಟ್ ಅಂದರೆ ಲೈಟ್‌ಗಳ ಬೆಳಕಿನ ಲೆವೆಲ್‌ಗಳನ್ನು ಹೆಸರಿಟ್ಟು ಉಳಿಸಿಡುವುದು. ಆ ಪ್ಯಾಲೆಟ್ ನಂಬಿಕೊಂಡು ತಿರುಗಾಟದ ನಾಟಕ ನಡೆಸುತ್ತೇನೆ ಅಂದಾಗ ಬೆಳಕಿನ ಕೆಲಸದವರು ಯಾರೂ ಒಪ್ಪಲಿಲ್ಲ. "ಹಾಲ್ ಬದಲಾದರೆ ಲೈಟ್ ಕಟ್ಟುವ ಎತ್ತರ ಬೇರೆ, ವೋಲ್ಟೇಜ್ ಬೇರೆ. ಉಳಿಸಿಟ್ಟ ಲೆವೆಲ್ ತಗೊಂಡು ಏನು ಮಾಡ್ತೀಯಪ್ಪಾ?" ಅಂತ ಹಿರಿಯರೊಬ್ಬರು ಕೇಳಿದ್ದರು. ಈ ಸಲ ಮೈಸೂರು, ಶಿವಮೊಗ್ಗ, ಧಾರವಾಡ ಎಲ್ಲಾ ಕಡೆ ಒಂದೇ ಶೋ ಫೈಲ್ (ನಾಟಕದ ಬೆಳಕನ್ನೆಲ್ಲ ಉಳಿಸಿಟ್ಟ ಫೈಲ್) ಓಡಿತು.

ಮೊದಲು ಕ್ಯೂಗಳಲ್ಲಿ, ಅಂದರೆ ನಾಟಕದಲ್ಲಿ ಒಂದೊಂದು ಸಲ ಬೆಳಕು ಬದಲಾಗುವ ಕಡೆ, ನೇರ ಪರ್ಸೆಂಟ್ ರೆಕಾರ್ಡ್ ಮಾಡುತ್ತಿದ್ದೆವು. ಒಟ್ಟು 70ರ ಆಸುಪಾಸು ಕ್ಯೂಗಳು. ಹೊಸ ಹಾಲಿನಲ್ಲಿ ಮುಖದ ಬೆಳಕು ಕಮ್ಮಿ ಅನ್ನಿಸಿದರೆ ಒಂದೊಂದಾಗಿ ತಿದ್ದಬೇಕು. ಇಡೀ ಮಧ್ಯಾಹ್ನ ಅದಕ್ಕೇ ಹೋಗುತ್ತಿತ್ತು. ನಟರಿಗೆ ರನ್‌ಥ್ರೂ ಸಿಗುತ್ತಿರಲಿಲ್ಲ. ಆಮೇಲೆ ಸಬ್‌ಮಾಸ್ಟರ್ (ಹಲವು ಲೈಟ್‌ಗಳನ್ನು ಒಟ್ಟಿಗೆ ಏರಿಳಿಸುವ ಹಿಡಿ) ಮೇಲೆ ಹಾಕಿದೆವು. ಎಚ್‌ಟಿಪಿ ಅಲ್ವಾ, ಅಂದರೆ ಎರಡರಲ್ಲಿ ಹೆಚ್ಚಿನ ಲೆವೆಲ್ಲೇ ಗೆಲ್ಲುತ್ತದೆ; ಏರಿಸಬಹುದು, ಕ್ಯೂಗಿಂತ ಕೆಳಗೆ ಇಳಿಸಲು ಆಗುವುದಿಲ್ಲ. ಊರಿಗೊಂದು ಫೈಲ್ ಮಾಡಿದ್ದೂ ಆಯ್ತು. ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಇರುತ್ತಿರಲಿಲ್ಲ.

ಬಾಡಿಗೆಯ ಲೈಟ್ ಬೋರ್ಡಿಗೆ (ಬೆಳಕು ನಿಯಂತ್ರಿಸುವ ಯಂತ್ರ) ದಿನಕ್ಕೆ ಹೆಚ್ಚುಕಮ್ಮಿ 4,000 ರೂಪಾಯಿ. ಅದೂ ಊರಿಗೊಂದು ಥರದ್ದು, ನಮ್ಮ ಫೈಲ್ ತೆರೆಯುತ್ತಲೇ ಇರಲಿಲ್ಲ. ಕೊನೆಗೆ ಇಯಾಸ್ ನೋಮ್ಯಾಡ್ ಕೀ (ಲ್ಯಾಪ್‌ಟಾಪನ್ನೇ ಲೈಟ್ ಬೋರ್ಡ್ ಮಾಡುವ ಸಾಫ್ಟ್‌ವೇರಿನ ಯುಎಸ್‌ಬಿ ಕೀ), ಡಿಎಂಎಕ್ಸ್ ಡಬ್ಬಿ (ಲೈಟ್‌ಗಳಿಗೆ ಸಿಗ್ನಲ್ ಕಳಿಸುವುದು), ಹಳೇ ಲ್ಯಾಪ್‌ಟಾಪ್ ತಗೊಂಡೆವು. ಎಲ್ಲಾ ಸೇರಿ ಒಂದು ಲಕ್ಷದ ಹತ್ತಿರ. ತಂಡದಲ್ಲಿ ಜಗಳವೇ ಆಯ್ತು. ಇಪ್ಪತ್ತು ಚಿಲ್ಲರೆ ಪ್ರದರ್ಶನದಲ್ಲಿ ಆ ದುಡ್ಡು ವಾಪಸ್ ಬಂತು.

ರಂಗವನ್ನು ಆರು ಏರಿಯಾ ಮಾಡಿದೆ. ಪ್ರತಿಯೊಂದಕ್ಕೂ ಪೂರ್ತಿ, ಮಧ್ಯ, ಮಂದ ಅಂತ ಮೂರು ಪ್ಯಾಲೆಟ್. ಮೊದಲ ಏರಿಯಾಕ್ಕೆ ಪ್ಯಾಲೆಟ್ ನಂಬರ್ 11, 12, 13. ಎರಡನೆಯದಕ್ಕೆ 21, 22, 23. ಹೀಗೇ ಮುಂದಕ್ಕೆ. ಸೈಕ್ (ರಂಗದ ಹಿಂದಿನ ದೊಡ್ಡ ಪರದೆ) ಮತ್ತು ಬ್ಯಾಕ್‌ಲೈಟ್‌ಗೆ ಬೇರೆ. ಚಾನೆಲ್ ನಂಬರ್ (ಬೋರ್ಡಿನಲ್ಲಿ ಲೈಟ್‌ಗೆ ಕೊಟ್ಟ ನಂಬರ್) ಯಾವತ್ತೂ ಬದಲಾಗಬಾರದು. ಹಾಲಿನ ಡಿಮ್ಮರ್ (ಲೈಟ್‌ಗೆ ಹೋಗುವ ಕರೆಂಟ್ ಏರಿಳಿಸುವ ಸಾಧನ) ಗೊಂದಲವೆಲ್ಲ ಪ್ಯಾಚ್‌ನಲ್ಲೇ, ಅಂದರೆ ಚಾನೆಲ್‌ಗೆ ಡಿಮ್ಮರ್ ಜೋಡಿಸುವಲ್ಲೇ, ಮುಗಿಯಬೇಕು. ಕ್ಯೂ ರೆಕಾರ್ಡ್ ಮಾಡುವಾಗ ಲೆವೆಲ್‌ಗೆ ಸುಮ್ನೆ ಒಂಚೂರು ಕೈ ಹಾಕಿದರೂ ಪ್ಯಾಲೆಟ್ ಕೊಂಡಿ ತಪ್ಪುತ್ತದೆ, ಬರೀ ಪರ್ಸೆಂಟ್ ಕೂತುಬಿಡುತ್ತದೆ. ಸ್ಕ್ರೀನಿನಲ್ಲಿ ಪ್ಯಾಲೆಟ್ ಹೆಸರಿನ ಜಾಗದಲ್ಲಿ ಅಂಕಿ ಕಂಡರೆ ಅಲ್ಲೇ ನಿಲ್ಲಿಸಿ ಸರಿಮಾಡಿ.

ಹೊಸ ಹಾಲಿನಲ್ಲಿ ಒಬ್ಬರನ್ನು ಏರಿಯಾದಲ್ಲಿ ನಿಲ್ಲಿಸುತ್ತೇವೆ. ಪ್ಯಾಲೆಟ್ ತರುತ್ತೇವೆ, ಕಣ್ಣಲ್ಲಿ ನೋಡಿ ತಿದ್ದುತ್ತೇವೆ, ಅಪ್‌ಡೇಟ್ ಒತ್ತುತ್ತೇವೆ. ಆ ಪ್ಯಾಲೆಟ್ ಬಳಸಿದ ಎಲ್ಲಾ ಕ್ಯೂಗಳೂ ತಾವೇ ಸರಿಹೋಗುತ್ತವೆ. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಯಾವ ಏರಿಯಾದಿಂದ ಶುರು ಮಾಡಿದರೆ ಬೇಗ ಆಗುತ್ತದೆ ಅನ್ನುವುದು ನಮ್ಮ ತಂಡದೊಳಗೇ ಇರಲಿ.

"ಪೂರ್ತಿ" ಪ್ಯಾಲೆಟನ್ನು ನಾನು 75ರಿಂದ 80 ಪರ್ಸೆಂಟ್‌ನೊಳಗೇ ಇಡುತ್ತೇನೆ. 230 ವೋಲ್ಟ್ ಬದಲು 200 ಬಂದರೆ ಹ್ಯಾಲೊಜನ್ ಬೆಳಕು ಮೂರನೇ ಒಂದು ಪಾಲಿಗಿಂತ ಜಾಸ್ತಿ ಬೀಳುತ್ತದೆ, ಬಣ್ಣವೂ ಕೆಂಪಗಾಗುತ್ತದೆ. ಆಗ ಏರಿಸಲು ಜಾಗ ಬೇಕಲ್ಲ?

ನಡುವೆ ಎಲ್‌ಇಡಿ ಪಾರ್‌ಗಳನ್ನೂ (ಎಲ್‌ಇಡಿ ರಂಗದ ಲೈಟ್‌ಗಳು) ಅದೇ ಪ್ಯಾಲೆಟ್‌ಗೆ ಸೇರಿಸಿ ನೋಡಿದೆ. ಫೇಡ್ ಕೊನೆಯಲ್ಲಿ ಹ್ಯಾಲೊಜನ್ ನಿಧಾನಕ್ಕೆ ಆರುತ್ತದೆ, ಅಗ್ಗದ ಎಲ್‌ಇಡಿ ಮಾತ್ರ ಮೆಟ್ಟಿಲು ಇಳಿದ ಹಾಗೆ ಬಿಟ್ಟುಬಿಟ್ಟು ಇಳಿಯುತ್ತದೆ. 10ರ ಕೆಳಗಂತೂ ಕಣ್ಣಿಗೆ ಹೊಡೆಯುತ್ತದೆ. ಎಲ್‌ಇಡಿಗೆ ಬೇರೆ ಪ್ಯಾಲೆಟ್, ಬೇರೆ ಟೈಮ್ ಕೊಟ್ಟೆ. "ಮಂದ"ದಿಂದ ಅದನ್ನು ಪೂರ್ತಿ ಕೈಬಿಟ್ಟೆ. ರಾತ್ರಿಯ ದೃಶ್ಯಗಳು ಆಮೇಲೆ ಬಹಳ ಚೆನ್ನಾಗಿ ಬಂದವು.

ಗ್ರ್ಯಾಂಡ್ ಎಂಎ (ಇನ್ನೊಂದು ಲೈಟ್ ಬೋರ್ಡ್) ಇರುವವರು ಇದನ್ನೇ ಡಿಮ್ಮರ್ ಪ್ರಿಸೆಟ್‌ನಲ್ಲಿ ಮಾಡಬಹುದು. ಹೋದ ತಿಂಗಳು ನನಗೆ ಜ್ವರ. ತಂಡದ ಹೊಸ ಹುಡುಗಿಯೇ ಎಲ್ಲಾ ಪ್ಯಾಲೆಟ್ ತಿದ್ದಿ, ಒಂದು ಕ್ಯೂ ಕೂಡ ಮುಟ್ಟದೆ ಇಡೀ ನಾಟಕ ನಡೆಸಿದಳು.