ಒಗೆದ ಬಟ್ಟೆ ಕಪಾಟು ಸೇರುವವರೆಗೆ

ನಮ್ಮ ಮನೆಯಲ್ಲಿ ಈಗ ಆರು ಜನ. ನಾನು, ನಮ್ಮ ಯಜಮಾನರು, ಮಗ, ಸೊಸೆ, ಹೈಸ್ಕೂಲಿನ ಮೊಮ್ಮಗಳು, ಮೂರನೇ ಕ್ಲಾಸಿನ ಮೊಮ್ಮಗ. ಬೆಂಗಳೂರಿನಲ್ಲಿ ಫ್ಲಾಟು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಆರು ವರ್ಷದ ಹಿಂದೆ ನಾವಿಬ್ಬರು ಊರಿನಿಂದ ಬಂದಾಗ ನನ್ನ ಕಣ್ಣಿಗೆ ಬಿದ್ದದ್ದು ರೂಮಿನ ಮೂಲೆಯ ಒಂದು ಕುರ್ಚಿ. ಅದರ ಮೇಲೆ ಸೊಂಟದೆತ್ತರ ಬಟ್ಟೆ. ಎಲ್ಲವೂ ಒಗೆದದ್ದೇ, ಒಣಗಿದ್ದೇ. ಆದರೆ ಸ್ಕೂಲ್ ವ್ಯಾನ್ ಬರುವ ಹೊತ್ತಿಗೆ ಆ ರಾಶಿಯಲ್ಲಿ ಯೂನಿಫಾರ್ಮಿನ ಸಾಕ್ಸ್ ಸಿಗುತ್ತಿರಲಿಲ್ಲ. ಮೊಮ್ಮಗಳು ಅಳುತ್ತಿದ್ದಳು, ಸೊಸೆಯ ಮುಖವೂ ಸಣ್ಣದಾಗುತ್ತಿತ್ತು. "ಮೆಷಿನ್ ಎಷ್ಟೊಂದ್ ಸಲ ಓಡತ್ತೆ ಅತ್ತೆ, ಆದ್ರೂ ಬಟ್ಟೆ ಮುಗಿಯೋದೇ ಇಲ್ಲ" ಅಂದಳು.

ನಾನು ಒಂದು ವಾರ ಸುಮ್ನೆ ನೋಡಿದೆ. ಒಗೆಯುವ ಕೆಲಸವನ್ನು ಮೆಷಿನ್ ಚೆನ್ನಾಗಿಯೇ ಮಾಡುತ್ತಿತ್ತು. ಬಟ್ಟೆ ನಿಂತುಹೋಗುತ್ತಿದ್ದದ್ದು ಆಮೇಲೆ. ತಂತಿಯ ಹತ್ತಿರ ಒಮ್ಮೆ, ಕುರ್ಚಿಯ ಹತ್ತಿರ ಇನ್ನೊಮ್ಮೆ. ಒಗೆದ ಬಟ್ಟೆ ಕಪಾಟು ಸೇರಿದರೆ ಮಾತ್ರ ಆ ಕೆಲಸ ಮುಗಿದ ಹಾಗೆ. ಇದೊಂದು ಮನಸ್ಸಿಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಒಂದು ಕ್ರಮಕ್ಕೆ ಬರುತ್ತದೆ.

ಮೊದಲು ತಂತಿಯ ವಿಷಯ. ಆಗ ಇವರು ವಾರವಿಡೀ ಕೂಡಿಟ್ಟು ಶನಿವಾರ, ಭಾನುವಾರ ಮೂರು ನಾಲ್ಕು ಸಲ ಮೆಷಿನ್ ಹಾಕುತ್ತಿದ್ದರು. ಬಾಲ್ಕನಿಯಲ್ಲಿ ಹಗ್ಗ ಎಳೆದು ಮೇಲಕ್ಕೇರಿಸುವ ಆರು ಕೋಲಿನ ಸ್ಟ್ಯಾಂಡ್ ಇದೆ. ಅದು ತುಂಬುವುದು ಒಂದೇ ಸಲದ ಬಟ್ಟೆಗೆ. ಎರಡನೆಯದು ಬಕೆಟ್ಟಿನಲ್ಲಿ ಕಾಯುತ್ತಾ ವಾಸನೆ ಬರುತ್ತಿತ್ತು. ಮೂರನೆಯದು ಬಾಗಿಲು, ಕುರ್ಚಿ, ಸೋಫಾ ಅಂತ ಮನೆ ತುಂಬಾ ಹರಡುತ್ತಿತ್ತು. ನಿಮ್ಮ ಮನೆಯ ತಂತಿ ಎಷ್ಟು ಬಟ್ಟೆ ಹಿಡಿಯುತ್ತದೋ ಒಂದು ದಿನಕ್ಕೆ ಅಷ್ಟೇ ಒಗೆಯಿರಿ. ಮೆಷಿನ್ ಏಳು ಕೆಜಿಯದೋ ಎಂಟು ಕೆಜಿಯದೋ ಅನ್ನುವುದು ಆಮೇಲಿನ ಮಾತು. ಆರು ಜನರ ಮನೆಗೆ ದಿನಕ್ಕೆ ಒಂದು ಸಲ ಹಾಕಿದರೆ ಸಾಕು, ಭಾನುವಾರ ರಜವೂ ಸಿಗುತ್ತದೆ.

ನಾವು ರಾತ್ರಿ ಊಟ ಆದಮೇಲೆ ಬಟ್ಟೆ ತುಂಬಿ, ಬೆಳಿಗ್ಗೆ ಐದೂವರೆಗೆ ಮುಗಿಯುವ ಹಾಗೆ ಟೈಮರ್ ಇಡುತ್ತೇವೆ. ಎದ್ದ ಕೂಡಲೇ ಒಣಹಾಕಬಹುದು. ರಾತ್ರಿಯೇ ಒಗೆದು ಬೆಳಗಿನವರೆಗೆ ಡ್ರಮ್ಮಿನಲ್ಲಿ ಬಿಟ್ಟರೆ ಒದ್ದೆ ಬಟ್ಟೆಗೆ ಮುಗ್ಗಲು ವಾಸನೆ ಹಿಡಿಯುತ್ತದೆ. ಒಮ್ಮೆ ಹಿಡಿದರೆ ಇನ್ನೊಂದು ಸಲ ಒಗೆದ ಹೊರತು ಹೋಗುವುದಿಲ್ಲ. ಹಾಸಿಗೆ ಬಟ್ಟೆಗಳನ್ನು ಒಂದೊಂದು ದಿನ ಒಂದೊಂದು ಕೋಣೆಯದು ಅಂತ ಹಾಕುತ್ತೇವೆ. ಅವುಗಳ ಜೊತೆ ಸಾಕ್ಸ್, ಕರವಸ್ತ್ರ ಬೇಡ. ದೊಡ್ಡ ಬೆಡ್‌ಶೀಟು ಸಣ್ಣ ಬಟ್ಟೆಯನ್ನೆಲ್ಲ ಹೊಟ್ಟೆಯೊಳಗೆ ಸುತ್ತಿಕೊಳ್ಳುತ್ತದೆ, ಯಾವುದೂ ಸರಿಯಾಗಿ ಶುಚಿಯಾಗುವುದಿಲ್ಲ. ಕಾಟನ್ ಸೀರೆ, ದುಪಟ್ಟಾಗಳನ್ನು ಜಾಲರಿ ಚೀಲಕ್ಕೆ ಹಾಕಿದರೆ ಉಳಿದ ಬಟ್ಟೆಗೆ ಹಗ್ಗದ ಹಾಗೆ ಸುತ್ತಿಕೊಳ್ಳುವುದು ತಪ್ಪುತ್ತದೆ. ಡ್ರಮ್ಮನ್ನು ಒತ್ತಿ ತುಂಬಬೇಡಿ. ಮುಂದೆ ಬಾಗಿಲಿರುವ ಮೆಷಿನ್ ಆದರೆ ಬಟ್ಟೆಯ ಮೇಲೆ ಒಂದು ಅಂಗೈ ಆಡುವಷ್ಟು ಜಾಗ ಇರಬೇಕು. ಕೆಲಸ ಮುಗಿದಮೇಲೆ ಅದರ ಬಾಗಿಲು ಸ್ವಲ್ಪ ತೆರೆದಿಡಿ, ರಬ್ಬರ್ ಸುತ್ತನ್ನು ಒಂದು ಒಣಬಟ್ಟೆಯಿಂದ ಒರೆಸಿ. ಅಲ್ಲಿಯೇ ಬೂಷ್ಟು ಹಿಡಿಯುವುದು.

ಸೋಪಿನ ಪುಡಿ ಜಾಸ್ತಿ ಹಾಕಿದರೆ ಜಾಸ್ತಿ ಶುಚಿ ಅಂತ ಎಷ್ಟೋ ಜನ ನಂಬಿದ್ದಾರೆ. ನಾನೂ ಮೊದಮೊದಲು ಹಾಗೇ ಮಾಡಿ, ಮೊಮ್ಮಗನ ಕತ್ತಿನ ಸುತ್ತ ತುರಿಕೆ ಬಂದಮೇಲೆ ತಿದ್ದಿಕೊಂಡೆ. ಉಳಿದುಕೊಂಡ ಸೋಪು ಬಟ್ಟೆಯನ್ನು ಬಿರುಸು ಮಾಡುತ್ತದೆ, ಕಪ್ಪು ಬಟ್ಟೆಯ ಮೇಲೆ ಬಿಳಿ ಗೆರೆ ಬಿಡುತ್ತದೆ. ಅಳತೆಯನ್ನು ಪ್ಯಾಕೆಟ್ ನೋಡಿ ಹಾಕಿ. ಬೋರ್‌ವೆಲ್ ನೀರು ಗಡಸು, ನೊರೆ ಕಡಿಮೆ ಬರುತ್ತದೆ. ಅಂಥ ಕಡೆ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ನಿಜ. ಆದರೆ ಕಾವೇರಿ ನೀರು ಬರುವ ಮನೆಯಲ್ಲಿ ಅದೇ ಅಳತೆ ಬೇಡ. ಟವೆಲ್‌ಗಳಿಗೆ ಮೆತ್ತಗಾಗಲಿ ಅಂತ ಕಂಡೀಷನರ್ ಹಾಕಬೇಡಿ, ನೀರು ಹೀರುವ ಗುಣವೇ ಹೋಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಕಷ್ಟ ಬಂದಾಗ ನಾವು ಮೆಷಿನ್ನಿನ ಪೈಪನ್ನು ನೀರು ತುಂಬುವ ಡ್ರಮ್ಮಿಗೆ ಬಿಟ್ಟು, ಕೊನೆಯ ಜಾಲಿಸಿದ ನೀರು ಹಿಡಿದು ನೆಲ ಒರೆಸಲು, ಬಾತ್‌ರೂಮ್ ತೊಳೆಯಲು ಬಳಸಿದೆವು. ಕಷ್ಟ ಕಳೆದರೂ ಆ ಪೈಪು ಇವತ್ತಿಗೂ ಡ್ರಮ್ಮಿನಲ್ಲೇ ಇದೆ.

ಒಮ್ಮೆ ಮೈಮೇಲೆ ಹಾಕಿದ್ದೆಲ್ಲ ಒಗೆಯಲೇಬೇಕು ಅಂತಲೂ ಇಲ್ಲ. ಒಳಬಟ್ಟೆ, ಸಾಕ್ಸ್, ಬೆವರಿನ ಅಂಗಿ ದಿನಾ ಹೋಗಲಿ. ಒಂದು ಗಂಟೆ ಅಂಗಡಿಗೆ ಹೋಗಿಬಂದ ಜೀನ್ಸ್ ಯಾಕೆ? ಬಾಗಿಲ ಹಿಂದೆ ಒಂದು ಗೂಟದ ಸಾಲು ಹೊಡೆಸಿ, ಇನ್ನೊಮ್ಮೆ ಹಾಕಬಹುದಾದ ಬಟ್ಟೆಗೆ ಅದೇ ಜಾಗ ಅಂತ ಮಾಡಿ. ಅಂಥ ಜಾಗ ಇಲ್ಲದ್ದಕ್ಕೇ ಮಕ್ಕಳು ಎಲ್ಲವನ್ನೂ ಬುಟ್ಟಿಗೆ ಎಸೆಯುವುದು.

ಕಲೆಯ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಕಲೆ ಬಿದ್ದ ಬಟ್ಟೆ ಬುಟ್ಟಿಗೆ ಬೀಳಬಾರದು, ನನ್ನ ಕೈಗೆ ಬರಬೇಕು. ಹಸಿ ಇದ್ದಾಗ ಎರಡು ನಿಮಿಷದ ಕೆಲಸ, ಒಣಗಿದಮೇಲೆ ಅರ್ಧ ದಿನದ್ದು. ಅರಿಶಿನದ ಕಲೆಗೆ ಸೋಪು ತಾಗಿದ ಕೂಡಲೇ ಕೆಂಪಾಗುತ್ತದೆ. ಹೊಸ ಸೊಸೆಯಂದಿರು ಬಟ್ಟೆ ಹಾಳಾಯಿತು ಅಂತ ಹೆದರುತ್ತಾರೆ. ಹೆದರಬೇಡಿ, ಅದು ಅರಿಶಿನದ ಸ್ವಭಾವ. ಸೋಪು ಪೂರ್ತಿ ಜಾಲಿಸಿದರೆ ಮತ್ತೆ ಹಳದಿಗೆ ಬರುತ್ತದೆ. ಆಮೇಲೆ ಒದ್ದೆ ಇರುವಾಗಲೇ ಒಳ್ಳೆ ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಎರಡು ಮೂರು ದಿನದಲ್ಲಿ ಮಾಸಿಹೋಗುತ್ತದೆ. ರಕ್ತ, ಹಾಲು, ಮೊಟ್ಟೆಯ ಕಲೆಗೆ ತಣ್ಣೀರೇ ಆಗಬೇಕು. ಬಿಸಿನೀರು ಹಾಕಿದರೆ ಕಲೆ ಬಟ್ಟೆಯಲ್ಲೇ ಕೂತುಬಿಡುತ್ತದೆ. ಎಣ್ಣೆ, ತುಪ್ಪ ಬಿದ್ದರೆ ಮೇಲೆ ಟಾಲ್ಕಂ ಪೌಡರ್ ಉದುರಿಸಿ ಅರ್ಧ ಗಂಟೆ ಬಿಟ್ಟು ಕೊಡವಿ, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದು ಹನಿ ಹಚ್ಚಿ ಉಜ್ಜಿ. ಕೆಸರನ್ನು ಮಾತ್ರ ಹಸಿಯಲ್ಲಿ ಉಜ್ಜಬಾರದು. ಒಣಗಲು ಬಿಟ್ಟು ಬ್ರಷ್ಷಿನಿಂದ ಕೊಡವಿದರೆ ಮುಕ್ಕಾಲು ಭಾಗ ಉದುರಿಹೋಗುತ್ತದೆ. ಬಾಲ್ ಪೆನ್ನಿನ ಶಾಯಿಗೆ ಕೆಳಗೊಂದು ಹಳೆಬಟ್ಟೆ ಇಟ್ಟು, ಮೇಲಿನಿಂದ ಸ್ಯಾನಿಟೈಸರ್ ಒತ್ತಿ. ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು, ಬಿಸಿಲು. ಬಣ್ಣದ ಬಟ್ಟೆಯಾದರೆ ಇದನ್ನೆಲ್ಲ ಮೊದಲು ಒಳಮಡಿಕೆಯಲ್ಲಿ ಒಂದು ಮೂಲೆಗೆ ಹಚ್ಚಿ ನೋಡಿ. ಬ್ಲೀಚ್ ಬಳಸುವವರಿಗೆ ಒಂದು ಮಾತು. ಅದನ್ನು ನಿಂಬೆರಸ, ವಿನೆಗರ್, ಟಾಯ್ಲೆಟ್ ತೊಳೆಯುವ ಆಸಿಡ್, ಇವು ಯಾವುದರ ಜೊತೆಗೂ ಎಂದಿಗೂ ಸೇರಿಸಬೇಡಿ. ಹೊರಡುವ ಗಾಳಿ ವಿಷ.

ಬಾಳೆಕಾಯಿಯ ಸೊನೆ, ಎಳೆ ಅಡಿಕೆಯ ಚೊಗರು, ಇವೆರಡಕ್ಕೆ ನನ್ನ ಹತ್ತಿರ ಮದ್ದಿಲ್ಲ. ಊರಿನಲ್ಲಿ ಅಡಿಕೆ ಸುಲಿಯಲು ಕೂರುವಾಗ ಅದಕ್ಕೇ ಅಂತ ಒಂದು ಹಳೆ ಸೀರೆ ಇಟ್ಟುಕೊಳ್ಳುತ್ತಿದ್ದೆವು. ಇಲ್ಲಿಯೂ ಬಾಳೆಕಾಯಿ ಹೆಚ್ಚುವಾಗ ಕೈಗೆ ಎಣ್ಣೆ ಹಚ್ಚಿಕೊಂಡು, ಮಡಿಲಿಗೊಂದು ಹಳೆಬಟ್ಟೆ ಹಾಸಿಕೊಳ್ಳುತ್ತೇನೆ.

ಇನ್ನು ಮಳೆಗಾಲ. ಇದರಲ್ಲಿ ನನಗೆ ಅನುಭವ ಜಾಸ್ತಿ. ನಾನು ಮದುವೆಯಾಗಿ ಹೋದದ್ದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಮನೆಗೆ, 1978ರಲ್ಲಿ. ಆಗುಂಬೆಯ ಕಡೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಾಗ ಅದು. ಮನೆಯಲ್ಲಿ ಹನ್ನೊಂದು ಜನ, ಜೊತೆಗೆ ತೊಟ್ಟಿಲಲ್ಲಿ ನನ್ನ ಮಗು. ಆರಿದ್ರಾ ಮಳೆ ಹಿಡಿಯಿತೆಂದರೆ ಪುನರ್ವಸು, ಪುಷ್ಯ ಕಳೆಯುವವರೆಗೆ ಬಿಸಿಲು ಕಾಣುವ ಹಾಗಿಲ್ಲ. ಬಚ್ಚಲ ಒಲೆಯ ಮೇಲೆ ಅಡ್ಡಕ್ಕೆ ಬಿದಿರಿನ ಗಳ ಕಟ್ಟಿತ್ತು. ಹಂಡೆಯ ಕೆಳಗೆ ದಿನವಿಡೀ ಬೆಂಕಿ. ಬಟ್ಟೆ ಒಣಗುತ್ತಿತ್ತು, ಹೊಗೆ ವಾಸನೆಯೂ ಹಿಡಿಯುತ್ತಿತ್ತು. ಮಗುವಿನ ಬಟ್ಟೆಗೆ ನಮ್ಮತ್ತೆ ಬೇರೆಯೇ ವ್ಯವಸ್ಥೆ ಮಾಡಿದ್ದರು. ಮಣ್ಣಿನ ಬಾಣಲೆಯಲ್ಲಿ ಹೊಗೆ ಇಲ್ಲದ ಕೆಂಡ, ಅದರ ಮೇಲೆ ಬಿದಿರಿನ ಬುಟ್ಟಿ ಬೋರಲು, ಬುಟ್ಟಿಯ ಮೇಲೆ ಬಟ್ಟೆ. ಅದು ಒಣಗುವವರೆಗೆ ಯಾರಾದರೂ ಪಕ್ಕದಲ್ಲೇ ಕೂತಿರಬೇಕಿತ್ತು. "ಮಳೆಗಾಲ್ದಲ್ಲಿ ಒಗೆಯೋಕ್ ಮುಂಚೆ ಒಣಗಿಸೋ ಜಾಗ ನೋಡ್ಕೋಬೇಕು ಕಣೇ" ಅನ್ನುತ್ತಿದ್ದರು. ತಂತಿಯ ಬಗ್ಗೆ ನಾನು ಮೇಲೆ ಹೇಳಿದ್ದು ಅವರಿಂದ ಕಲಿತದ್ದೇ.

ಫ್ಲಾಟಿನಲ್ಲಿ ಒಲೆ ಇಲ್ಲ, ಫ್ಯಾನ್ ಇದೆ. ಬಟ್ಟೆ ಒಣಗಲು ಬಿಸಿಗಿಂತ ಗಾಳಿ ಮುಖ್ಯ. ಮಳೆ ದಿನ ಮೆಷಿನ್ ನಿಂತಮೇಲೆ ಇನ್ನೊಂದು ಸಲ ಬರೀ ಹಿಂಡುವುದಕ್ಕೆ ಹಾಕಿ. ಕೈಯಲ್ಲಿ ಒಗೆದದ್ದಾದರೆ ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿ, ಅರ್ಧ ನೀರು ಟವೆಲ್ಲಿಗೆ ಹೋಗುತ್ತದೆ. ಒಂದು ಬಟ್ಟೆಗೂ ಇನ್ನೊಂದಕ್ಕೂ ನಾಲ್ಕು ಬೆರಳು ಜಾಗ ಬಿಡಿ. ಅಂಗಿಗಳನ್ನು ಹ್ಯಾಂಗರಿಗೆ ಹಾಕಿ. ಪ್ಯಾಂಟನ್ನು ಒಳಮೈ ಹೊರಗೆ ಮಾಡಿ, ಸೊಂಟದ ಕಡೆಯಿಂದ ತೂಗುಹಾಕಿ. ಜೇಬು, ಹೊಲಿಗೆ ಇರುವ ದಪ್ಪ ಜಾಗವೇ ಕೊನೆಗೆ ಒಣಗುವುದು. ಕಿಟಕಿ ಒಂದಿಷ್ಟು ತೆರೆದು, ಮೇಲೆ ಫ್ಯಾನ್ ಹಾಕಿ. ಪೂರ್ತಿ ಮುಚ್ಚಿದ ಕೋಣೆಯಲ್ಲಿ ಆ ತೇವ ಎಲ್ಲಿಗೆ ಹೋಗಬೇಕು? ಗೋಡೆಗೇ ಹಿಡಿಯುತ್ತದೆ. ಯೂನಿಫಾರ್ಮ್ ಮಳೆಗಾಲಕ್ಕೆ ಇನ್ನೊಂದು ಜೊತೆ ಇರಲಿ, ಈ ಖರ್ಚು ದಂಡ ಅಲ್ಲ. ಅರ್ಧ ಒಣಗಿದ್ದನ್ನು ಇಸ್ತ್ರಿ ಮಾಡಿದ ಕೂಡಲೇ ಮಡಚಿ ಕಪಾಟಿಗೆ ಇಡಬೇಡಿ, ಸ್ವಲ್ಪ ಹೊತ್ತು ತೂಗಲಿ. ಬಿಸಿಲು ಬಂದ ದಿನ ಟವೆಲ್, ದಿಂಬಿನ ಕವರ್, ಒಳಬಟ್ಟೆಗೆ ಮೊದಲ ಜಾಗ. ಬಣ್ಣದ ಬಟ್ಟೆ ನೆರಳಿನಲ್ಲಿ ಒಣಗಿದರೂ ನಡೆಯುತ್ತದೆ.

ರೇಷ್ಮೆ ಸೀರೆಯನ್ನು ಈ ದಿನನಿತ್ಯದ ಓಟಕ್ಕೆ ಸೇರಿಸಲೇಬೇಡಿ. ಉಟ್ಟು ಬಂದಮೇಲೆ ಒಂದು ರಾತ್ರಿ ಗಾಳಿಗೆ ಹಾಕಿ, ಹಳೆ ಪಂಚೆಯಲ್ಲಿ ಸುತ್ತಿಡಿ. ವರ್ಷಕ್ಕೆ ಮೂರ್ನಾಲ್ಕು ಸಲ ತೆಗೆದು ಮಡಿಕೆ ಬದಲಿಸಿ.

ಕೊನೆಗೆ ಆ ಕುರ್ಚಿ. ಅದನ್ನು ನಾನು ಆ ಕೋಣೆಯಿಂದಲೇ ಎತ್ತಿಸಿದೆ. ಬಟ್ಟೆ ಇಡಲು ಜಾಗ ಇದ್ದರೆ ಇಡುತ್ತೇವೆ ಅಲ್ವಾ? ಈಗ ತಂತಿಯ ಕೆಳಗೇ ಮಡಚುತ್ತೇವೆ. ಕ್ಲಿಪ್ ತೆಗೆದು, ಎರಡು ಸಲ ಕೊಡವಿ, ಅಲ್ಲೇ ಮಡಚಿ, ಸ್ಟೂಲಿನ ಮೇಲೆ ಒಬ್ಬೊಬ್ಬರದು ಒಂದೊಂದು ಕಟ್ಟು. ದಿನದ ಬಟ್ಟೆಗೆ ಹತ್ತು ಹನ್ನೆರಡು ನಿಮಿಷ. ಬಿಸಿಲಿನ ಬಿಸಿ ಇರುವಾಗಲೇ ಮಡಚಿದರೆ ಸುಕ್ಕೂ ಕಡಿಮೆ, ಅರ್ಧಕ್ಕೆ ಇಸ್ತ್ರಿಯೇ ಬೇಡ.

ಈ ಹನ್ನೆರಡು ನಿಮಿಷ ಸೊಸೆಯದೊಬ್ಬಳದೇ ಆಗಬಾರದು ಅಂತ ನಾನು ಮೊದಲ ತಿಂಗಳೇ ಹೇಳಿದೆ. ನಮ್ಮ ಕಾಲದಲ್ಲಿ ಹನ್ನೊಂದು ಜನರ ಬಟ್ಟೆಯನ್ನು ಇಬ್ಬರು ಹೆಂಗಸರು ಕಲ್ಲಿಗೆ ಕುಸುಬಿದೆವು. ರಟ್ಟೆ ನೋವು ನನಗೆ ಇವತ್ತಿಗೂ ಇದೆ. ಅದು ಮುಂದಿನವರಿಗೆ ಬೇಡ. ಸಂಜೆ ಆಫೀಸಿನಿಂದ ಬಂದ ಮಗ ಬಟ್ಟೆ ತೆಗೆದು ಮಡಚುತ್ತಾನೆ. "ನಂಗೆ ಸರಿಯಾಗಿ ಮಡಚೋಕ್ ಬರಲ್ಲಮ್ಮ" ಅಂದಿದ್ದ. ಹೇಗೆ ಬರುತ್ತದೋ ಹಾಗೆ ಮಡಚು, ನಾನು ಬಿಚ್ಚಿ ಇನ್ನೊಮ್ಮೆ ಮಡಚುವುದಿಲ್ಲ ಅಂದೆ. ಆ ಮಾತು ಉಳಿಸಿಕೊಂಡೆ. ಮನೆಯ ಹಿರಿಯ ಹೆಂಗಸರು ಇದೊಂದನ್ನು ದಯವಿಟ್ಟು ಮಾಡಿ. ಮಾಡಿದ್ದನ್ನು ತಿದ್ದುತ್ತಾ ಹೋದರೆ ಯಾರೂ ಕೈ ಹಾಕುವುದಿಲ್ಲ. ಮೊಮ್ಮಗಳು ರಾತ್ರಿ ಮೆಷಿನ್ನಿಗೆ ತುಂಬುತ್ತಾಳೆ, ಜೇಬು ನೋಡುವುದೂ ಅವಳದೇ. ಒಂದು ಟಿಶ್ಯೂ ಪೇಪರ್ ಒಳಗೆ ಹೋದರೆ ಕಪ್ಪು ಬಟ್ಟೆಯ ಗತಿ ಏನು ಅಂತ ಅವಳಿಗೀಗ ಚೆನ್ನಾಗಿ ಗೊತ್ತು. ಯಜಮಾನರು ಬೆಳಿಗ್ಗೆ ಒಣಹಾಕುತ್ತಾರೆ. ಸಾಕ್ಸ್ ಜೋಡಿಸುವುದು ಮೊಮ್ಮಗನ ಕೆಲಸ. ಒಂಟಿ ಉಳಿದದ್ದಕ್ಕೆ ಒಂದು ಹಳೆ ಬಿಸ್ಕತ್ತಿನ ಡಬ್ಬಿ ಇದೆ. "ಅಜ್ಜೀ, ಇದ್ರ ಜೋಡಿ ಸಿಕ್ತು!" ಅಂತ ಓಡಿಬರುತ್ತಾನೆ.

ಮಡಚುವಾಗಲೇ ಗುಂಡಿ ಕಿತ್ತದ್ದು, ಹೊಲಿಗೆ ಬಿಟ್ಟದ್ದು ಕಣ್ಣಿಗೆ ಬೀಳುತ್ತದೆ. ಅವನ್ನು ಬೇರೆ ತೆಗೆದು ನನ್ನ ಮಂಚದ ತುದಿಗೆ ಇಡುತ್ತಾರೆ. ಶನಿವಾರ ಮಧ್ಯಾಹ್ನ ಸೂಜಿಗೆ ದಾರ ಪೋಣಿಸಿಕೊಡುವುದು ಮೊಮ್ಮಗಳು, ಗುಂಡಿ ಹಾಕುವುದು ನಾನು.