1930ಕ್ಕೆ ಕರೆ ಮಾಡಿದ ಮೇಲೆ: ಹೋದ ಹಣವನ್ನು ತಡೆಯುವ ದಾರಿ

ಆನ್‌ಲೈನ್ ವಂಚನೆಯಲ್ಲಿ ಪೊಲೀಸರು ಕಳ್ಳನಿಗಿಂತ ಮೊದಲು ಹಣದ ಬೆನ್ನು ಹತ್ತುತ್ತಾರೆ. ಕಳ್ಳ ಆರು ತಿಂಗಳು ಬಿಟ್ಟೂ ಸಿಕ್ಕಬಹುದು. ಹಣ ಮಾತ್ರ ಕೆಲವೇ ಗಂಟೆಗಳಲ್ಲಿ ನಾಲ್ಕಾರು ಖಾತೆ ದಾಟಿ ಎಟಿಎಂನಿಂದ ನಗದಾಗಿ ಹೊರಬಿದ್ದಿರುತ್ತದೆ. ಹಾಗಾಗಿ ಠಾಣೆಗೆ ಹೊರಡುವ ಮುಂಚೆಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಲೈನ್ ಸಿಗುತ್ತಿಲ್ಲವೇ? ನೀವು ಪ್ರಯತ್ನಿಸುತ್ತಿರುವಾಗಲೇ ಮನೆಯವರೊಬ್ಬರು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ದೂರು ತುಂಬಲಿ.

ಕರೆಗೆ ಮುನ್ನ ಕೈಲಿರಬೇಕಾದ್ದು ಯುಟಿಆರ್ ಸಂಖ್ಯೆ, ಅಂದರೆ ಪ್ರತಿ ಹಣ ವರ್ಗಾವಣೆಯನ್ನು ಬ್ಯಾಂಕುಗಳು ಗುರುತಿಸುವ ಸಂಖ್ಯೆ. ತಪ್ಪಾಗುವುದು ಹೆಚ್ಚಾಗಿ ಇಲ್ಲೇ. ಪಾವತಿ ಆ್ಯಪ್ ತೆರೆದರೆ ಮೇಲೆ ಕಾಣುವ ಉದ್ದನೆಯ ಟ್ರಾನ್ಸಾಕ್ಷನ್ ಐಡಿ ಹಲವು ಬಾರಿ ಆ್ಯಪ್‌ನ ಸ್ವಂತದ್ದು. ಬ್ಯಾಂಕಿಗೆ ಅದರಿಂದ ಉಪಯೋಗವಿಲ್ಲ. ಯುಟಿಆರ್ ಮಾತ್ರ ಯುಪಿಐ, ಐಎಂಪಿಎಸ್ ಆಗಿದ್ದರೆ 12 ಅಂಕಿ, ನೆಫ್ಟ್ ಆಗಿದ್ದರೆ 16 ಅಕ್ಷರ, ಆರ್‌ಟಿಜಿಎಸ್‌ಗೆ 22. ಐದು ಸಲ ಕಳಿಸಿದ್ದರೆ ಐದೂ ಸಂಖ್ಯೆ ಬೇಕು, ಒಂದೊಂದರ ಮೊತ್ತ ಮತ್ತು ಹೊತ್ತಿನ ಸಮೇತ. ಒಟ್ಟು ಮೊತ್ತ ಮಾತ್ರ ಹೇಳಿದರೆ ಜಾಡು ಹಿಡಿಯಲಾಗದು.

ದೂರು ದಾಖಲಾದ ಕೂಡಲೇ ಅದರ ಟಿಕೆಟ್ (ಆನ್‌ಲೈನ್ ದೂರಿನ ಸೂಚನೆ) ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ಹಣ ಯಾವ ಬ್ಯಾಂಕಿನ ಯಾವ ಖಾತೆಗೆ ಹೋಯಿತೆಂದು ಅವರು ತುಂಬುತ್ತಾರೆ, ಟಿಕೆಟ್ ಆ ಬ್ಯಾಂಕಿಗೆ ಸಾಗುತ್ತದೆ. ಹಣ ಅಲ್ಲೇ ಇದ್ದರೆ ಆ ಮೊತ್ತಕ್ಕೆ ತಡೆ ಬೀಳುತ್ತದೆ; ಮುಂದಕ್ಕೆ ಹೋಗಿದ್ದರೆ ಟಿಕೆಟ್ ಕೂಡ ಅದರ ಹಿಂದೆಯೇ ಹೋಗುತ್ತದೆ. ಪ್ರತಿ ಹಂತದಲ್ಲೂ ಮೊತ್ತ ಚೂರುಚೂರಾಗಿ ಹಂಚಿಹೋಗುತ್ತದೆ. ಒಂದು ಲಕ್ಷ ಹೋದವರಿಗೆ ಹತ್ತಿಪ್ಪತ್ತು ಸಾವಿರ ಮಾತ್ರ ಸಿಗುವುದು ಈ ಕಾರಣಕ್ಕೇ. ಹಣ ಹೀಗೆ ದಾಟಿಹೋಗುವ ಖಾತೆಗಳು ಬಹುಪಾಲು ಕಮಿಷನ್ ಆಸೆಗೆ ಪಾಸ್‌ಬುಕ್, ಸಿಮ್ ಎರಡನ್ನೂ ಬೇರೆಯವರ ಕೈಗೆ ಕೊಟ್ಟವರದ್ದು. ದಯವಿಟ್ಟು ನಿಮ್ಮ ಮನೆಯ ಹುಡುಗರಿಗೆ ಇದನ್ನು ಕೂರಿಸಿಕೊಂಡು ಹೇಳಿ. ಪೊಲೀಸರು ಮೊದಲು ತಟ್ಟುವುದು ಖಾತೆದಾರನ ಮನೆ ಬಾಗಿಲನ್ನು.

ಎಸ್‌ಎಂಎಸ್‌ನಲ್ಲಿ ಬರುವ ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಂಡು 24 ಗಂಟೆಯೊಳಗೆ ಪೋರ್ಟಲ್‌ನಲ್ಲಿ ಪೂರ್ಣ ವಿವರ ಕೊಡಿ. ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ. ಹತ್ತಿರದ ಯಾವ ಠಾಣೆಯಲ್ಲಾದರೂ ಎಫ್‌ಐಆರ್ ದಾಖಲಿಸಬಹುದು, ಸರಹದ್ದಿನ ನೆಪ ಹೇಳುವಂತಿಲ್ಲ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ ಅಪರಾಧಗಳ ತನಿಖೆ ಮಾತ್ರ ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನ ಅಧಿಕಾರಿಯೇ ಮಾಡಬೇಕು.

ನಾಚಿಕೆಯಿಂದ ವಾಟ್ಸ್‌ಆ್ಯಪ್ ಚಾಟ್ ಅಳಿಸಬೇಡಿ. ಫೋನ್ ರಿಸೆಟ್ ಕೂಡ ಬೇಡ. ಸ್ಕ್ರೀನ್‌ಶಾಟ್ ತೆಗೆಯುವಾಗ ಮೇಲಿನ ಹೆಸರಷ್ಟೇ ಸಾಲದು, ಪ್ರೊಫೈಲ್ ತೆರೆದು ಫೋನ್ ನಂಬರ್ ಕಾಣುವಂತೆ ಇನ್ನೊಂದು ತೆಗೆಯಿರಿ. ಇವು ಕೋರ್ಟಿನಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಕಡತ ಬದಲಾಗಿಲ್ಲವೆಂದು ತೋರಿಸುವ ಬೆರಳಚ್ಚಿನಂಥ ಸಂಕೇತವನ್ನೂ, ನಮೂದಿಸುತ್ತಾರೆ. ಮೂಲ ಫೋನ್ ಜೋಪಾನವಾಗಿರಲಿ.

ಇಷ್ಟಾದರೂ ತಡೆ ಬಿದ್ದ ಹಣ ತಾನಾಗಿ ವಾಪಸ್ ಬರುತ್ತದೆಂದು ಕಾಯುತ್ತಾ ಕೂರಬೇಡಿ. ಯಾವ ಬ್ಯಾಂಕಿನಲ್ಲಿ ಎಷ್ಟು ನಿಂತಿದೆ ಎಂಬ ವಿವರವನ್ನು ತನಿಖಾಧಿಕಾರಿಯಿಂದ ಪಡೆದು, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 503ನೇ ಕಲಂ ಅಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ. ಅರ್ಜಿಯಲ್ಲಿ ಪ್ರತಿ ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಮೊತ್ತ ಬಿಡಿಬಿಡಿಯಾಗಿರಲಿ. ಆದೇಶದಲ್ಲಿ ಒಂದು ಅಂಕಿ ತಪ್ಪಿದರೂ ಬ್ಯಾಂಕಿನವರು ಹಣ ಬಿಡುವುದಿಲ್ಲ, ತಿದ್ದುಪಡಿಗೆ ಮತ್ತೆ ಕೋರ್ಟಿಗೆ ಅಲೆಯಬೇಕಾಗುತ್ತದೆ.