ಬ್ಲೌಸ್ ನಂಬರ್ ಬೇರೆ, ಬ್ರಾ ನಂಬರ್ ಬೇರೆ

ಹೋದ ತಿಂಗಳು ಅಕ್ಕನ ಮಗಳು ಮನೆಗೆ ಬಂದಿದ್ಲು, ಡಿಗ್ರಿ ಸೆಕೆಂಡ್ ಇಯರ್, ಬನಶಂಕರಿಯಿಂದ ದಿನಾ ಬಸ್ಸಲ್ಲಿ ನಿಂತ್ಕೊಂಡೇ ಓಡಾಟ. ಕಾಫಿ ಕುಡೀತಾ ಮಾತಾಡ್ತಿದ್ರೂ ಐದು ನಿಮಿಷಕ್ಕೊಂದ್ಸಲ ಕೈ ಹಿಂದಕ್ಕೆ ಹಾಕಿ ಟಾಪ್ ಮೇಲಿಂದಾನೇ ಏನೋ ಕೆಳಗೆ ಎಳ್ಕೊಳ್ಳೋದು, ಆಮೇಲೆ ಭುಜದ ಸ್ಟ್ರಾಪ್ ಮೇಲಕ್ಕೇರಿಸೋದು. ಏನೇ ಅದು ಅಂದೆ. "ಬಸ್ಸಲ್ಲಿ ಮೇಲಿನ ರಾಡ್ ಹಿಡ್ಕೊಂಡ್ರೆ ಸಾಕು ಚಿಕ್ಕಮ್ಮ, ಹಿಂದಿನ ಪಟ್ಟಿ ಕತ್ತಿನ ಹತ್ರ ಬಂದ್ಬಿಡತ್ತೆ" ಅಂದ್ಲು. ಸೈಜ್ ಎಷ್ಟೇ ಅಂದ್ರೆ 36 ಬಿ. ಯಾರು ಹೇಳಿದ್ದು? ಅಮ್ಮ. ಅಮ್ಮಂಗೆ ಎಲ್ಲಿಂದ ಗೊತ್ತಾಯ್ತು ಅಂತ ಕೆದಕಿದ್ರೆ, ಟೈಲರ್ ಇವಳ ಬ್ಲೌಸಿಗೆ ಅಳತೆ ಬರ್ಕೊಟ್ಟಿದ್ದ ಚೀಟೀಲಿ ಎದೆ 36 ಅಂತ ಇತ್ತಂತೆ, ಅದನ್ನೇ ಹೋಗಿ ಅಂಗಡೀಲಿ ಹೇಳಿದಾರೆ.

ನಾನೂ ಮದುವೆ ಆಗೋವರೆಗೂ ಇದೇ ಲೆಕ್ಕದಲ್ಲಿ ತಗೊಂಡವಳೇ, ಅದಕ್ಕೇ ನಗೋಕೆ ಆಗ್ಲಿಲ್ಲ.

ವಿಷಯ ಏನಂದ್ರೆ, ಟೈಲರ್ ಬರ್ಕೊಳ್ಳೋ 36 ಎದೆ ತುಂಬಿರೋ ಜಾಗದ ಮೇಲೆ ಟೇಪ್ ಹಾಕಿ ತೆಗ್ದಿರೋ ಸುತ್ತಳತೆ. ಬ್ರಾ ಮೇಲಿರೋ 32, 34, 36 ಅದಲ್ಲ, ಅದು ಎದೆ ಕೆಳಗೆ ಪಕ್ಕೆಲುಬಿನ ಸುತ್ತ ಬರೋ ಪಟ್ಟಿ ಅಳತೆ. ಆ ಎರಡು ಅಳತೆ ನಡುವಿನ ವ್ಯತ್ಯಾಸ ಎಷ್ಟಿದೆಯೋ ಅದು ಅಕ್ಷರ. ಒಂದಿಂಚಾದ್ರೆ ಎ, ಎರಡಾದ್ರೆ ಬಿ, ಮೂರು ಸಿ, ನಾಲ್ಕು ಡಿ, ಐದಾದ್ರೆ ಡಬಲ್ ಡಿ. ಡಿ ಅಂದ ತಕ್ಷಣ ಅಯ್ಯೋ ಅಷ್ಟು ದೊಡ್ಡದಾ ಅಂತ ಗಾಬರಿ ಆಗೋರಿದಾರೆ, ಆದ್ರೆ ಅಕ್ಷರ ಒಂದಕ್ಕೇ ಏನೂ ಅರ್ಥ ಇಲ್ಲ, 30 ಡಿ ಬ್ರಾದ ಕಪ್ ಒಳಗೆ ಇರೋ ಜಾಗಾನೂ 34 ಬಿ ಕಪ್ಪಲ್ಲಿರೋ ಜಾಗಾನೂ ಹೆಚ್ಚುಕಮ್ಮಿ ಒಂದೇ.

ಅಳತೆ ತೆಗೆಯೋಕೆ ಹೊಲಿಗೆ ಮಿಷನ್ ಡ್ರಾಯರಲ್ಲಿ ಬಿದ್ದಿರತ್ತಲ್ಲ ಆ ಮೆತ್ತಗಿನ ಟೇಪ್ ಸಾಕು. ಪ್ಯಾಡ್ ಇಲ್ದಿರೋ ತೆಳು ಬ್ರಾ ಹಾಕ್ಕೊಂಡು, ಇಲ್ಲಾ ಏನೂ ಹಾಕ್ಕೊಳ್ದೆ, ಕನ್ನಡಿ ಮುಂದೆ ನಿಂತ್ಕೊಳ್ಳಿ. ಮೊದಲು ಎದೆ ಕೆಳಗೆ, ಉಸಿರು ಬಿಟ್ಟು, ಟೇಪ್ ಬಿಗಿಯಾಗಿ. ಬೆನ್ನ ಹಿಂದೆ ಟೇಪ್ ಜಾರಿ ಕೆಳಗಿಳಿದಿರತ್ತೆ, ಒಬ್ಬರೇ ಇದ್ರೆ ಗೊತ್ತೇ ಆಗಲ್ಲ, ಅದಕ್ಕೆ ಪಕ್ಕಕ್ಕೆ ತಿರುಗಿ ಸುತ್ತಲೂ ಒಂದೇ ಮಟ್ಟದಲ್ಲಿದೆಯಾ ನೋಡ್ಕೊಳ್ಳಿ. ಆಮೇಲೆ ಎದೆ ತುಂಬಿರೋ ಜಾಗದಲ್ಲಿ, ಇಲ್ಲಿ ಮಾತ್ರ ಬಿಗಿ ಮಾಡ್ಬೇಡಿ, ಟೇಪ್ ಸುಮ್ನೆ ತಾಗಿದ್ರೆ ಸಾಕು. ಇದನ್ನ ನೇರ ನಿಂತು ಒಂದ್ಸಲ, ಮುಂದಕ್ಕೆ ಬಾಗಿ ಒಂದ್ಸಲ ತೆಗೀರಿ, ಯಾಕಂದ್ರೆ ಮಗುಗೆ ಹಾಲು ಕೊಟ್ಟು ಬಿಡಿಸಿದವರಿಗೆ, ತೂಕ ಇಳಿಸಿದವರಿಗೆ ಎದೆ ಮೆತ್ತಗಾಗಿ ನಿಂತಾಗ ಅಳತೆ ಕಮ್ಮಿ ತೋರ್ಸತ್ತೆ. ಎರಡೂ ಬೇರೆ ಬಂದ್ರೆ ಮಧ್ಯದ್ದು ಹಿಡ್ಕೊಳ್ಳಿ.

ನಮ್ಮ ಹುಡುಗಿಗೆ ಕೆಳಗೆ 31 ಮುಕ್ಕಾಲು ಬಂತು, ಅಂದ್ರೆ 32. ಮೇಲೆ ನಿಂತಾಗ 35 ಮುಕ್ಕಾಲು, ಬಾಗಿದಾಗ 36 ಕಾಲು, ಸರಿ 36 ಅಂತಿಟ್ಕೊಂಡ್ವಿ. 36ರಲ್ಲಿ 32 ಕಳೆದ್ರೆ ನಾಲ್ಕು, ಸೈಜ್ 32 ಡಿ. "ನಂದು ಡಿ ನಾ?" ಅಂತ ಬಾಗಿಲು ಹಾಕಿದ್ರೂ ಪಿಸುಗುಟ್ಟಿದ್ಲು. ಇಷ್ಟು ದಿನ 36 ಬಿ ಹೆಂಗೆ ನಡೀತು ಅಂದ್ರೆ, ಪಟ್ಟಿ ಒಂದು ಸೈಜ್ ಇಳಿದ್ರೆ ಅಕ್ಷರ ಒಂದು ಏರತ್ತೆ, ಕಪ್ ಅಷ್ಟೇ ಇರತ್ತೆ. 36 ಬಿ, 34 ಸಿ, 32 ಡಿ ಮೂರೂ ಅಕ್ಕತಂಗೀರು. ಮುಂದೆ ಕಪ್ ಸರಿಯಾಗೇ ಕೂತಿತ್ತು, ಹಿಂದಿನ ಪಟ್ಟಿ ಮಾತ್ರ ನಾಲ್ಕಿಂಚು ಲೂಸು.

ಪಟ್ಟಿ ಲೂಸಾದ್ರೆ ಏನು ಕಷ್ಟ ಅಂತೀರಾ, ಇಡೀ ಕಥೆ ಅಲ್ಲೇ ಇರೋದು. ಎದೆ ಭಾರ ಹೊರೋದು ಭುಜದ ಸ್ಟ್ರಾಪ್ ಅಲ್ಲ, ಹೆಚ್ಚಿನ ಭಾರ ಹೊರೋದು ಈ ಪಟ್ಟೀನೇ. ಅದು ಮೈಗೆ ಅಂಟಿ ಕೂರ್ಲಿಲ್ಲ ಅಂದ್ರೆ ಮುಂದಿನ ಭಾರ ಕೆಳಗೆ ಇಳಿಯತ್ತೆ, ಹಿಂದೆ ಪಟ್ಟಿ ಮೇಲಕ್ಕೆ ಏರತ್ತೆ, ತಕ್ಕಡಿ ಇದ್ದಂಗೆ. ಮುಂದೆ ಇಳೀತಲ್ಲ ಅಂತ ನಾವು ಸ್ಟ್ರಾಪ್ ಬಿಗಿ ಮಾಡ್ತೀವಿ, ಅದು ಹಿಂದಿನ ಪಟ್ಟೀನ ಇನ್ನೂ ಮೇಲಕ್ಕೆ ಎಳೆಯತ್ತೆ, ಸಾಯಂಕಾಲದ ಹೊತ್ತಿಗೆ ಭುಜದಲ್ಲಿ ಎರಡು ಗೆರೆ, ಕತ್ತು ನೋವು, ರಾತ್ರಿ ಬಾಮ್ ಹಚ್ಕೊಂಡು ಮಲಗೋದು.

ಕೆಲವು ಕಡೆ ಕೆಳಗಿನ ಅಳತೆಗೆ ನಾಲ್ಕೋ ಐದೋ ಇಂಚು ಕೂಡಿಸಿ ಅಂತ ಹೇಳ್ತಾರೆ. ಈಗಿನ ಪಟ್ಟಿ ಎಲ್ಲಾ ಹಿಗ್ಗೋ ಎಲಾಸ್ಟಿಕ್ಕು, ಅದಕ್ಕೆ ಮತ್ತೆ ನಾಲ್ಕಿಂಚು ಸೇರಿಸಿದ್ರೆ ಹುಡುಗಿ ಕಥೇನೇ ಆಗತ್ತೆ, ನಾನಂತೂ ಕೂಡಿಸಲ್ಲ. 31, 33 ಥರ ಬೆಸ ಸಂಖ್ಯೆ ಬಂದ್ರೆ ಹಿಂದಿನ ನಂಬರ್, ಮುಂದಿನ ನಂಬರ್ ಎರಡೂ ಹಾಕಿ ನೋಡ್ಬೇಕು. ಒಂದೊಂದು ಕಂಪನೀದು ಒಂದೊಂದು ಥರ ಕೂರತ್ತೆ, ಹಾಗಾಗಿ ಮನೇಲಿ ತೆಗೆದ ನಂಬರ್ ಹುಡುಕೋಕೆ ಶುರು ಮಾಡೋ ಜಾಗ ಅಷ್ಟೇ, ಹಾಕ್ಕೊಂಡು ನೋಡ್ದೆ ಮುಗಿಯಲ್ಲ.

ಮೊದಲನೇ ಸಲ ದಯವಿಟ್ಟು ಟ್ರಯಲ್ ರೂಮ್ ಇರೋ ಅಂಗಡಿಗೆ ಹೋಗಿ. ಜಯನಗರ ಫೋರ್ತ್ ಬ್ಲಾಕ್, ಕಮರ್ಷಿಯಲ್ ಸ್ಟ್ರೀಟ್, ಯಾವ್ದಾದ್ರೂ ಮಾಲು, ಎಲ್ಲಾದ್ರೂ ಸರಿ. ಸೈಜ್ ಗೊತ್ತಾದ್ಮೇಲೆ ಚಿಕ್ಕಪೇಟೆಗೋ ಗಾಂಧಿ ಬಜಾರಿಗೋ ಹೋಗಿ ನಾಲ್ಕು ಒಟ್ಟಿಗೆ ತಗೊಂಡು ಬನ್ನಿ, ಬೇಡ ಅಂದವರ್ಯಾರು. ಕೌಂಟರ್ ಹಿಂದೆ ನಿಂತಿರೋ ಅಣ್ಣ ಡಬ್ಬ ತೆಗೀತಾ "32 ಡಿ ಬರಲ್ಲ ಮೇಡಂ, 36 ತಗೊಳ್ಳಿ, ಫ್ರೀಯಾಗಿರತ್ತೆ" ಅಂತಾನೆ, ಫ್ರೀಯಾಗಿರೋದೇ ಸಮಸ್ಯೆ ಅಂತ ಅವನಿಗೆ ಹೇಳೋಕಾಗತ್ತಾ. 32 ಡಿ ಸಿಗ್ಲೇ ಇಲ್ಲ ಅಂದ್ರೆ 34 ಸಿ ತನಕ ಹೋಗ್ಬಹುದು, ಅದಕ್ಕಿಂತ ಮುಂದೆ ಬೇಡ. ನಮ್ಮೂರಲ್ಲಿ ಸಿಗ್ದೇ ಇರೋಂಥದ್ದೇನಲ್ಲ ಇದು. ಜಾಕಿ ಒಳಉಡುಪು ಮಾಡೋ ಪೇಜ್ ಇಂಡಸ್ಟ್ರೀಸ್ ಇರೋದು ಬೆಂಗಳೂರಲ್ಲಿ, ಆನ್‌ಲೈನಲ್ಲಿ ಒಳಉಡುಪು ಮಾರೋ ಜಿವಾಮೆ 2011ರಲ್ಲಿ ಶುರುವಾಗಿದ್ದೂ ಇಲ್ಲೇ, ಆದ್ರೂ ನಾವು ಅಂಗಡೀಲಿ ಸೈಜ್ ಹೇಳೋವಾಗ ಅಕ್ಕಪಕ್ಕ ನೋಡ್ತೀವಿ. ಆನ್‌ಲೈನಲ್ಲಿ ತಗೊಳ್ಳೋ ಹಾಗಿದ್ರೆ ವಾಪಸ್ ತಗೋತಾರಾ ಅಂತ ಮೊದಲೇ ಓದಿ, ನಾನು ಆಫರ್ ಅಂತ ಆಸೆಬಿದ್ದು ಒಟ್ಟಿಗೆ ಮೂರು ತರಿಸಿ, ವಾಪಸ್ ಇಲ್ಲ ಅಂತ ಆಮೇಲೆ ನೋಡಿದ್ದು, ಮೂರೂ ಬೀರೂಲಿ ಹಂಗೇ ಇವೆ.

ಟ್ರಯಲ್ ರೂಮಲ್ಲಿ ಹೊಸ ಬ್ರಾನ ತೀರಾ ಹೊರಗಿನ, ಅಂದ್ರೆ ಲೂಸ್ ಹುಕ್ಕಿಗೆ ಹಾಕಿ ನೋಡಿ. ಅಲ್ಲಿ ಸರಿಯಾಗಿ ಬಿಗಿ ಇರ್ಬೇಕು. ಒಳಗಿನ ಹುಕ್ಕುಗಳು ಆರು ತಿಂಗಳಾದ್ಮೇಲೆ ಎಲಾಸ್ಟಿಕ್ ಹಿಗ್ಗಿದಾಗ ಬೇಕಾಗತ್ತೆ, ಈಗಲೇ ಅದನ್ನ ಖರ್ಚು ಮಾಡ್ಬಿಟ್ರೆ ಆಮೇಲೆ ದಾರಿ ಇಲ್ಲ. ಹುಕ್ ಹಾಕಿದ್ಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ಕಂಕುಳ ಕಡೆ ಉಳಿದಿರೋ ಭಾಗಾನೂ ಕೈಯಲ್ಲಿ ಎತ್ತಿ ಕಪ್ ಒಳಗೆ ತಂದ್ಕೊಳ್ಳಿ. ಇದನ್ನ ಬಹಳ ಜನ ಮಾಡಲ್ಲ, ಹಂಗೇ ಹಾಕ್ಕೊಂಡು ಕಪ್ ಸರಿಯಿದೆ ಅಂದ್ಕೊಂಡು ಬಂದ್ಬಿಡ್ತಾರೆ, ಎಲ್ಲಾ ಒಳಗೆ ತಂದ್ಮೇಲೆ ಒಂದು ಸೈಜ್ ದೊಡ್ಡ ಕಪ್ ಬೇಕು ಅಂತ ಗೊತ್ತಾಗತ್ತೆ.

ಈಗ ನೋಡಿ. ಪಟ್ಟಿ ಕೆಳಗೆ ಎರಡು ಬೆರಳು ಹೋಗ್ಬೇಕು, ಇಡೀ ಕೈ ಹೋಗ್ಬಾರ್ದು. ಪಕ್ಕದಿಂದ ನೋಡಿದ್ರೆ ಹಿಂದೆ ಮುಂದೆ ಒಂದೇ ಮಟ್ಟ. ವೈರ್ ಇರೋದಾದ್ರೆ ಎರಡು ಕಪ್ ಮಧ್ಯದ ಭಾಗ ಎದೆಮೂಳೆಗೆ ಅಂಟಿರ್ಬೇಕು, ಎದ್ದು ನಿಂತಿದ್ರೆ ಕಪ್ ಚಿಕ್ಕದು ಅಂತ ಅರ್ಥ, ವೈರ್ ಎದೆ ಮೇಲೇ ಕೂತು ಒತ್ತಿದ್ರೂ ಅದೇ. ಕಪ್ ಮೇಲಂಚಿಂದ ಉಕ್ಕಿ ಟೀಶರ್ಟಲ್ಲಿ ಎರಡರ ಬದಲು ನಾಲ್ಕು ಉಬ್ಬು ಕಂಡ್ರೆ ಚಿಕ್ಕದು, ಬಟ್ಟೆ ಸುಕ್ಕಾಗಿ ಖಾಲಿ ಬಿದ್ರೆ ದೊಡ್ಡದು. ಒಂದು ಕಡೆ ಮಾತ್ರ ಖಾಲಿ ಬಿದ್ರೆ ತಲೆ ಕೆಡಿಸ್ಕೋಬೇಡಿ, ಎರಡೂ ಕಡೆ ಒಂದೇ ಸಮ ಇರೋರು ಕಮ್ಮಿ, ದೊಡ್ಡ ಕಡೆಗೆ ತಕ್ಕ ಹಾಗೆ ತಗೊಂಡು ಇನ್ನೊಂದು ಸ್ಟ್ರಾಪ್ ಸ್ವಲ್ಪ ಬಿಗಿ ಮಾಡಿ. ಕೊನೇದು ನಮ್ಮ ಬಸ್ ಟೆಸ್ಟ್, ರಾಡ್ ಹಿಡಿಯೋ ಹಾಗೆ ಎರಡೂ ಕೈ ಮೇಲೆತ್ತಿ, ಇಳಿಸಿ, ಒಂದ್ಸಲ ಸ್ಟೂಲ್ ಮೇಲೆ ಕೂತು ಏಳಿ. ಪಟ್ಟಿ ಅಲ್ಲೇ ಇದ್ರೆ ಬಿಲ್ ಮಾಡ್ಸಿ.

ಬಸುರಿ ಬಾಣಂತಿ ಟೈಮಲ್ಲಿ ಸೈಜ್ ಬದಲಾಗ್ತಾನೇ ಇರತ್ತೆ, ಮುಟ್ಟಿನ ಮುಂಚೆನೂ ಸ್ವಲ್ಪ ಊದತ್ತೆ, ಆ ವಾರ ಅಳತೆ ತೆಗೀಬೇಡಿ. ಹಾಲು ಕೊಡೋರು ಬಿಗಿ ವೈರ್ ಬಿಟ್ಟು ಮೆತ್ತಗಿನದು ಹಾಕ್ಕೊಳ್ಳಿ. ಇನ್ನು ವೈರ್ ಬ್ರಾ ಹಾಕಿದ್ರೆ ಕ್ಯಾನ್ಸರ್ ಬರತ್ತೆ ಅನ್ನೋ ವಾಟ್ಸಾಪ್ ಫಾರ್ವರ್ಡ್ ಎಲ್ರಿಗೂ ಬಂದಿರತ್ತೆ, ಅದಕ್ಕೆ ಆಧಾರ ಇಲ್ಲ. ಎದೇಲಿ ಗಂಟು ಕೈಗೆ ಸಿಕ್ಕಿದ್ರೆ ಮಾತ್ರ ಬ್ರಾದಿಂದ ಇರ್ಬೇಕು ಅಂತ ಸುಮ್ನಿರ್ದೆ ಡಾಕ್ಟರ್ ಹತ್ರ ಹೋಗಿ.

ತಂದಿದ್ದನ್ನ ಹಾಳು ಮಾಡೋದು ನಾವೇ. ಒಂದನ್ನೇ ದಿನಾ ಹಾಕಿದ್ರೆ ಎಲಾಸ್ಟಿಕ್ಕಿಗೆ ಸುಧಾರಿಸ್ಕೊಳ್ಳೋಕೆ ಟೈಮ್ ಇರಲ್ಲ, ಮೂರು ಇಟ್ಕೊಂಡು ಬದಲಾಯಿಸ್ತಾ ಹಾಕಿ. ಕೈಯಲ್ಲಿ ಒಗೀರಿ, ಹಿಂಡಿ ತಿರುಚಬೇಡಿ, ಮಿಷನ್‌ಗೇ ಹಾಕೋದಾದ್ರೆ ಹುಕ್ ಹಾಕಿ ಜಾಲರಿ ಚೀಲದಲ್ಲಿ ಹಾಕಿ. ಒಣಗಿಸೋದು ಲಂಗದ ಕೆಳಗೆ ಟವೆಲ್ ಕೆಳಗೆ ಬಚ್ಚಿಟ್ಟಲ್ಲ, ನಮ್ಮ ಜುಲೈ ಆಗಸ್ಟ್ ಮಳೇಲಿ ಅದು ಮೂರು ದಿನ ಆದ್ರೂ ಒಣಗಲ್ಲ, ಅರೆಹಸಿ ಹಾಕ್ಕೊಂಡ್ರೆ ಎದೆ ಕೆಳಗೆ ತುರಿಕೆ ಶುರು. ಗಾಳಿ ಆಡೋ ಕಡೆ ಮಧ್ಯದ ಭಾಗ ಹಗ್ಗದ ಮೇಲೆ ಬರೋ ಹಾಗೆ ಹಾಕಿ, ಸ್ಟ್ರಾಪ್ ಹಿಡಿದು ನೇತು ಹಾಕಿದ್ರೆ ನೀರಿನ ಭಾರಕ್ಕೆ ಅದೇ ಉದ್ದ ಆಗ್ಬಿಡತ್ತೆ.